ಮೊಳೆಗೆ ನೇತು ಹಾಕಿದ ಸ್ಟಾಕು

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿರುವ ಒಂದು ಸಣ್ಣ ವಾಲ್ವ್ ಶೆಡ್ಡಿನ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. 2024ರ ಜನವರಿಯಲ್ಲಿ ಒಂದು ಬೆಳಗ್ಗೆ, ಬಂದರಿನಲ್ಲಿ ನಮ್ಮ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದ. ಇಟಲಿಯಿಂದ ನಮ್ಮ ಓ ರಿಂಗ್, ಅಂದರೆ ವಾಲ್ವ್ ಸೋರದಂತೆ ಹಾಕುವ ರಬ್ಬರ್ ಬಳೆ, ತರುತ್ತಿದ್ದ ಹಡಗು ಸೂಯೆಜ್ ಕಾಲುವೆ ಬಿಟ್ಟು ಬೇರೆ ದಾರಿ ಹಿಡಿದಿದೆ. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದ ದಿನಗಳವು. ಇಡೀ ಆಫ್ರಿಕಾ ಸುತ್ತಿ ಬರಬೇಕು, ಹತ್ತು-ಹದಿನಾಲ್ಕು ದಿನ ಜಾಸ್ತಿ. ಆಮೇಲೆ ಮುಂಬೈ ಹತ್ತಿರದ ನವಾಶೇವಾ ಬಂದರಿನಲ್ಲಿ ಇಳಿದು, ಪುಣೆ ಹಾದು, ಲಾರಿಯಲ್ಲಿ ನಮ್ಮೂರಿಗೆ.

ಮಾಲಕರಿಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗೂ ಇಡಲಿಲ್ಲ. "2021ರಾಗ ತರಿಸಿದ್ದು ರಗಡ ಐತಲ್ಲೋ, ಅದನ್ನ ತಗಿ."

ರಗಡ ಇತ್ತು, ಸುಳ್ಳಲ್ಲ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತ್ತಲ್ವಾ? ಕೊರೋನಾದಿಂದ ಮೊದಲೇ ಕಂಟೇನರ್ ಸಿಗುತ್ತಿರಲಿಲ್ಲ. ಹೆದರಿ ವರ್ಷಕ್ಕೆ ಬೇಕಾದದ್ದರ ಮೂರು ಪಟ್ಟು ತರಿಸಿದ್ದೆವು. ತರಿಸೋಣ ಅಂದವನು ನಾನೇ. ಶಭಾಷ್ ಅನ್ನಿಸಿಕೊಂಡವನೂ ನಾನೇ.

ಸ್ಟೋರಿಗೆ ಹೋಗಿ ಮೊಳೆಯಿಂದ ಒಂದು ಗೊಂಚಲು ಇಳಿಸಿದೆ. ಸೈಜಿಗೊಂದು ಮೊಳೆ, ಮೊಳೆಗೊಂದು ಗೊಂಚಲು. ನೋಡಲು ಚೆಂದ, ಕೈಗೆ ಬೇಗ ಸಿಗುತ್ತದೆ. ನಮ್ಮ ಫಿಟ್ಟರ್ ಕಾಕಾ ಒಂದು ರಿಂಗ್ ತಗೊಂಡು ಉಗುರಿನಿಂದ ಒತ್ತಿದರು. ಗುರುತೇ ಮೂಡಲಿಲ್ಲ. ಮೆಲ್ಲಗೆ ಎಳೆದರು. ಮೊಳೆಯ ಮೇಲೆ ಕೂತಿದ್ದ ಕಡೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಬಾಯಿ ಬಿಟ್ಟವು.

"ಇದು ರಬ್ಬರ್ ಅಲ್ಲೋ ತಮ್ಮಾ, ಗಾಜಿನ ಬಳಿ ಆಗೇತಿ."

ನಂಬಲಾಗದೆ ಒಂದನ್ನು ವಾಲ್ವ್‌ಗೆ ಹಾಕಿಸಿದೆ. ಹೈಡ್ರೋ ಟೆಸ್ಟ್‌ನಲ್ಲಿ ವಾಲ್ವಿನ ಒಡಲಿಗೆ, ಅದು ಕೆಲಸ ಮಾಡುವ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ನೀರು ಕೊಡುತ್ತೇವೆ. ಅಷ್ಟು ದೂರ ಹೋಗಲೇ ಇಲ್ಲ. ವಾಲ್ವ್ ತಿರುಗಿಸುವ ಸ್ಪಿಂಡಲ್ ಬುಡದಲ್ಲಿ ಒಂದು ಹನಿ ಕಟ್ಟಿತು, ಬಿತ್ತು, ಇನ್ನೊಂದು ಕಟ್ಟಿತು.

ನಮ್ಮ ರಿಂಗುಗಳು ನೈಟ್ರೈಲ್ ರಬ್ಬರಿನವು. ಅದಕ್ಕೆ ಬಿಸಿ ಆಗದು, ಬೆಳಕು ಆಗದು. ಓಝೋನ್ ಅನಿಲ ಅಂತೂ ಶತ್ರು. ವೆಲ್ಡಿಂಗ್ ಕಿಡಿ, ಮೋಟರಿನ ಕಿಡಿ ಎರಡೂ ಓಝೋನ್ ಹುಟ್ಟಿಸುತ್ತವೆ. ನಮ್ಮ ಸ್ಟೋರಿನ ಗೋಡೆಯಾಚೆಯೇ ವೆಲ್ಡಿಂಗ್, ಮೇಲೆ ತಗಡು. ಸಾಲದ್ದಕ್ಕೆ ನೇತು ಹಾಕಿ ಮೂರು ವರ್ಷ ಎಳೆದಿಟ್ಟಿದ್ದೆ.

ಎರಡು ದಿನ ಕೂತು ಆರಿಸಿದೆವು. ಪೆಟ್ಟಿಗೆಯ ತಳದಲ್ಲಿ ಕಪ್ಪು ಪೊಟ್ಟಣದಲ್ಲೇ ಉಳಿದಿದ್ದವು ಹೊಸತರಂತೆ ಇದ್ದವು. ಅವನ್ನು ಬಿಚ್ಚಲು ನನಗೆ ಪುರುಸೊತ್ತು ಸಿಕ್ಕಿರಲಿಲ್ಲ, ಸದ್ಯ! ಕಡಿಮೆ ಬಿದ್ದ ಸೈಜುಗಳನ್ನು ವಿಮಾನದಲ್ಲಿ ತರಿಸಿದೆವು. ರಿಂಗಿಗಿಂತ ಬಾಡಿಗೆಯೇ ಜಾಸ್ತಿ ಆಯಿತು. ಅಷ್ಟೇ ತೂಕಕ್ಕೆ ವಿಮಾನ ಬಿಡುವ ಹೊಗೆ ಹಡಗಿಗಿಂತ ಹತ್ತಾರು ಪಟ್ಟು ಜಾಸ್ತಿ. ಇಲ್ಲಿ ಗೊಂಚಲು ಗೊಂಚಲು ಕಸ, ಅಲ್ಲಿ ಆ ಹೊಗೆ. ಎರಡೂ ನನ್ನ ಒಂದೇ ಹೆದರಿಕೆಯ ಲೆಕ್ಕಕ್ಕೆ.

ಲೇತ್‌ನಿಂದ ಬೀಳುವ ಕಬ್ಬಿಣದ ಚೂರು ಮತ್ತೆ ಫೌಂಡ್ರಿಗೆ ಹೋಗಿ ಕರಗುತ್ತದೆ. ಒಮ್ಮೆ ಬೆಂದ ರಬ್ಬರ್ ಕರಗುವುದಿಲ್ಲ. ಗುಜರಿಯವನು ಚೀಲದೊಳಗೆ ಇಣುಕಿ, "ಇದನ್ನ ಒಯ್ದು ಏನ್ ಮಾಡ್ಲಿ ಸರ?" ಅಂತ ಅಲ್ಲೇ ಬಿಟ್ಟು ಹೋದ.

ನವಲಗುಂದ ಕಡೆಯ ನಮ್ಮಜ್ಜನ ಮನೆಯ ಹಗೇವು ನೆನಪಾಯಿತು. ನೆಲದೊಳಗೆ ಜೋಳ ಹಾಕಿ, ಬಾಯಿ ಮುಚ್ಚಿ, ಬರಗಾಲ ಬಂದರೆ ಇರಲಿ ಅಂತ ವರ್ಷಗಟ್ಟಲೆ ಇಡುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿದೆಯೋ ನೋಡಲು ಮೊದಲು ದೀಪ ಇಳಿಬಿಡಬೇಕು. ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕೂಡಿಡುವುದರಲ್ಲಿ ನಮ್ಮಜ್ಜ ನನಗಿಂತ ದೊಡ್ಡ ಸ್ಟೋರ್‌ಕೀಪರ್.

ಈಗ ಬೆಳಗಾವಿಯ ಕಾಸ್ಟಿಂಗು, ಊರಲ್ಲೇ ಸಿಗುವ ಬೋಲ್ಟು ವಾರಕ್ಕಾಗುವಷ್ಟೇ ತರುತ್ತೇನೆ. ಸಮುದ್ರ ದಾಟಿ ಬರುವುದಕ್ಕೆ ಮಾತ್ರ ಮೂರು ತಿಂಗಳ ಸ್ಟಾಕು. ಪೊಟ್ಟಣದ ಮೇಲೆ ಮಾರ್ಕರ್‌ನಲ್ಲಿ ತಾರೀಕು, ಹಳೇದು ಮುಂದೆ, ಹೊಸದು ಹಿಂದೆ. "ಇನ್ನೊಂದು ಹಡಗು ಸಿಕ್ಕೊಂಡ್ರ?" ಅಂತ ಮಾಲಕರು ಆಗಾಗ ಕೇಳುತ್ತಾರೆ. ಮೂರು ತಿಂಗಳು ಸಾಕಾಗುತ್ತದೋ ಇಲ್ಲವೋ, ನನಗೂ ಒಳಗೊಳಗೆ ಪುಕುಪುಕು ಇದ್ದೇ ಇದೆ.

ಗೋಡೆಯ ಮೊಳೆಗಳನ್ನೆಲ್ಲ ಕಿತ್ತು ಹಾಕಿದೆ. ಒಂದನ್ನು ಮಾತ್ರ ಕಾಕಾ ಕೀಳಲು ಬಿಡಲಿಲ್ಲ. ಅದಕ್ಕೆ ಈಗ ಅವರ ಬುತ್ತಿ ಚೀಲ ನೇತಾಡುತ್ತದೆ.