ಎರಡು ಸೀಟಿನ ಕಾರು, ಏಳು ಸೀಟಿನ ವ್ಯಾನು

ಸುಮ್ನೆ ಒಂದು ಯೋಚನೆ. 1990ರ ಮಜ್ದಾ ಮಿಯಾಟಾ ಅನ್ನುವ ಪುಟ್ಟ ಸ್ಪೋರ್ಟ್ಸ್ ಕಾರು, 1999ರ ಹೋಂಡಾ ಒಡಿಸ್ಸಿ ಮಿನಿವ್ಯಾನ್. ಎರಡನ್ನೂ ನೇರ ರಸ್ತೆಯಲ್ಲಿ ಜೊತೆಗೇ ಬಿಟ್ಟರೆ ಯಾವುದು ಮುಂದೆ? ಮಿಯಾಟಾ ಅನ್ನುವವರೇ ಜಾಸ್ತಿ. ನಿಜಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಮಿಯಾಟಾದ 1.6 ಲೀಟರ್ ಎಂಜಿನ್ ಕೊಡುವುದು ಸುಮಾರು 116 ಅಶ್ವಶಕ್ತಿ. ಒಡಿಸ್ಸಿಯ ಆರು ಸಿಲಿಂಡರಿನ 3.5 ಲೀಟರ್ ವಿ6 ಎಂಜಿನ್‌ಗೆ 210. ವ್ಯಾನಿನ ತೂಕ ಹೆಚ್ಚುಕಡಿಮೆ ಎರಡು ಪಟ್ಟು, ಆದರೂ ಸರಿಸಮ!

ಮಜಾ ಇರುವುದು ತಿರುವಿನಲ್ಲಿ. ಮಿಯಾಟಾದಲ್ಲಿ ತೂಕ ಹಿಂದೆ ಮುಂದೆ ಸುಮಾರು ಅರ್ಧರ್ಧ. ಹಿಂದಿನ ಚಕ್ರಗಳು ತಳ್ಳುತ್ತವೆ, ಹಾಗಾಗಿ ಮುಂದಿನವು ನಿರಾಳವಾಗಿ ತಿರುಗುತ್ತವೆ. ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ಒಂದೊಂದು ಉಬ್ಬೂ ಗೊತ್ತಾಗುತ್ತದೆ. ನೆಲಕ್ಕೆ ಅಷ್ಟು ಹತ್ತಿರ ಕೂತಿರುತ್ತೇವಲ್ಲ, ಗಂಟೆಗೆ 50 ಕಿ.ಮೀ. ಹೋದರೂ 80 ಅನಿಸುತ್ತದೆ. ಲೈಸೆನ್ಸ್ ಉಳಿಸಿಕೊಂಡು ಖುಷಿಪಡಲು ಇದಕ್ಕಿಂತ ಇನ್ನೇನು ಬೇಕು? ಅದೇ ತಿರುವಿನಲ್ಲಿ ವ್ಯಾನು ತುಂಬಿದ ಕೊಡ ಹೊತ್ತವರ ಹಾಗೆ ವಾಲುತ್ತದೆ.

ಆದರೆ ಮೂರನೇ ಸಾಲಿನ ಸೀಟು ಮಡಚಿ ನೆಲದೊಳಗೆ ಹುದುಗಿಸುವ ಆ ಜಾಣತನ ಇದೆಯಲ್ಲ, ಅದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಪಕ್ಕಕ್ಕೆ ಜಾರುವ ಬಾಗಿಲೂ ಅಷ್ಟೇ. ಇಕ್ಕಟ್ಟಿನಲ್ಲಿ ನಿಲ್ಲಿಸಿ ಮಕ್ಕಳನ್ನು ಇಳಿಸಿ ನೋಡಿ, ಆಗ ಅದರ ಬೆಲೆ ಗೊತ್ತಾಗುತ್ತದೆ.

ಒಂದನ್ನೇ ಇಟ್ಟುಕೋ ಅಂದರೆ ನಾನು ವ್ಯಾನನ್ನೇ ಇಟ್ಟುಕೊಳ್ಳುತ್ತೇನೆ. ಮಿಯಾಟಾ ಇರುವ ಗೆಳೆಯರ ಹತ್ತಿರ ಭಾನುವಾರ ಕೀ ಕೇಳಬಹುದು. ವ್ಯಾನ್ ಇರುವವರು ಕೊಡುವುದಿಲ್ಲ, ಅವರಿಗೆ ಅದು ದಿನಾ ಬೇಕು ಅಲ್ವಾ?