ಚಕ್ರದ ಅಂಚಿನ ಬಣ್ಣ

ಫುಟ್‌ಪಾತಿನ ಕಲ್ಲಿಗೆ ತೀರ ಒತ್ತಿ ಕಾರು ನಿಲ್ಲಿಸುವ ನನ್ನ ಹಳೆಯ ಚಟದಿಂದಾಗಿ, ಎಡಗಡೆಯ ಮುಂದಿನ ಅಲಾಯ್ ಚಕ್ರದ ಅಂಚಿನಲ್ಲಿ ಬಣ್ಣ ಕಿತ್ತುಹೋಗಿ ಒಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು. ಅದು ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ನೀರು ಬಣ್ಣದ ಪದರದ ಕೆಳಗೆ ನುಸುಳಿದರೆ ಬಿಳಿಯ ಪುಡಿಯಂತಹ ಸವೆತ ಹಬ್ಬಿ, ಸುತ್ತಲಿನ ಬಣ್ಣವೂ ಗುಳ್ಳೆಯೆದ್ದು ಕಳಚತೊಡಗುತ್ತದೆ. ಹಾಗಾಗಿ ಈ ಭಾನುವಾರ ನಾನೇ ಕುಳಿತು ಅದನ್ನು ಸರಿಪಡಿಸಿದೆ.

ಬಣ್ಣ ಹಚ್ಚುವುದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಅದಕ್ಕೂ ಮುಂಚಿನ ಸಿದ್ಧತೆಯೇ ಮಧ್ಯಾಹ್ನದವರೆಗೆ ನಡೆಯಿತು. ಬ್ರೇಕಿನ ಕಪ್ಪು ಧೂಳನ್ನು ಸೋಪು ನೀರಿನಿಂದ ತೊಳೆದು, ಗೀರಿನ ಚೂಪು ಅಂಚುಗಳನ್ನು ನೀರು ಹಾಕಿ ಉಜ್ಜುವ ಮರಳು ಕಾಗದವಾದ ವಾಟರ್ ಪೇಪರಿನಿಂದ, ಮೊದಲು 400ರ, ಆಮೇಲೆ ಇನ್ನೂ ನುಣುಪಾದ 800ರದ್ದರಿಂದ, ಬೆರಳಿಗೆ ತಡೆಯದಷ್ಟು ನಯವಾಗಿ ಉಜ್ಜಿ, ಜಿಡ್ಡು ಉಳಿಯದಂತೆ ಸ್ಪಿರಿಟ್ಟಿನಲ್ಲಿ ಒರೆಸಿದೆ. ಟಯರಿಗೆ ಬಣ್ಣ ತಾಗದಿರಲೆಂದು ರಿಮ್ಮಿನ ಸುತ್ತ ಸಿಕ್ಕಿಸಿದ್ದು, ಎರಡು ಎಲೆ ಕಳೆದುಹೋಗಿ ಆಟಕ್ಕೆ ಬಾರದಂತಾಗಿದ್ದ ಮನೆಯ ಇಸ್ಪೀಟಿನ ಕಟ್ಟನ್ನು. ಮಾಸ್ಕಿಂಗ್ ಟೇಪಿಗಿಂತ ಅದೇ ಅಚ್ಚುಕಟ್ಟಾಗಿ ಕುಳಿತಿತು. ಪ್ರೈಮರ್, ಬೆಳ್ಳಿ ಬಣ್ಣ, ಕೊನೆಗೆ ಹೊಳಪಿನ ಲ್ಯಾಕರ್, ಎಲ್ಲವನ್ನೂ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿದೆ. ಅವಸರಪಟ್ಟು ಒಂದೆಡೆ ದಪ್ಪಗೆ ಸಿಂಪಡಿಸಿದ್ದು ಇಳಿದು ಬಂದು, ಕಣ್ಣೀರಿನ ಹನಿಯಂತೆ ಅಲ್ಲೇ ಗಟ್ಟಿಯಾಗಿದೆ.

ನಿಂತು ನೋಡುವವರಿಗೆ ಏನೂ ತಿಳಿಯುವುದಿಲ್ಲ. ನನ್ನ ಕಣ್ಣು ಮಾತ್ರ, ವರ್ಷಗಟ್ಟಲೆ ಸವೆದ ಹಳೆಯ ಬೆಳ್ಳಿಗೂ ನಿನ್ನೆಯ ಬೆಳ್ಳಿಗೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ಪ್ರತಿ ಸಲ ಬಾಗಿಲು ತೆರೆಯುವಾಗಲೂ ಹುಡುಕಿಕೊಂಡು ಹೋಗುತ್ತದೆ.