ಲಕ್ಸರ್‌ಗೆ ಹೋಗ್ತೀರಾ? ಪಶ್ಚಿಮ ದಡದಲ್ಲೇ ರೂಮ್ ಮಾಡಿ

ಈಜಿಪ್ಟಿನ ಲಕ್ಸರ್‌ನಲ್ಲಿ 'ನೈಲ್ ವ್ಯೂ' (ನೈಲ್ ನದಿ ಕಾಣುವ) ರೂಮ್ ಅಂತ ಜಾಸ್ತಿ ದುಡ್ಡು ಕಟ್ಟುವ ಮೊದಲು ಹೋಟೆಲ್‌ನವರನ್ನು ಒಂದು ಮಾತು ಕೇಳಿ. ಕಿಟಕಿ ಎದುರು ಕ್ರೂಸ್ ಹಡಗುಗಳು ನಿಲ್ಲುತ್ತವಾ? ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಪೂರ್ವ ದಡದ ಹೋಟೆಲ್‌ನಲ್ಲಿ ಪರದೆ ಸರಿಸಿದರೆ ನದಿಯೇ ಕಾಣಲಿಲ್ಲ. ಕಂಡದ್ದು ಹಡಗಿನ ಗೋಡೆ, ಅದರಾಚೆ ಇನ್ನೊಂದು ಹಡಗು. ಇಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಒತ್ತಿ ಕಟ್ಟುತ್ತಾರೆ. ಆಚೆ ಹಡಗಿನವರು ಈಚೆ ಹಡಗಿನ ಲಾಬಿ ದಾಟಿಕೊಂಡೇ ದಡಕ್ಕೆ ಬರಬೇಕು. ರಾತ್ರಿಯಿಡೀ ಜನರೇಟರ್ ಸದ್ದು, ಡೀಸೆಲ್ ವಾಸನೆ. ಅಮ್ಮ ತಲೆನೋವಿನಿಂದ ನಿದ್ದೆಯೇ ಮಾಡಲಿಲ್ಲ. ರಿಸೆಪ್ಷನ್‌ನಲ್ಲಿ ದೂರಿದರೆ ಹಡಗು ನಾಳೆ ಹೋಗುತ್ತೆ ಅಂದರು. ಮರುದಿನ ಅದು ಹೋಗಿ ಬೇರೊಂದು ಬಂದು ನಿಂತಿತು. ಒಂದು ಪೌಂಡ್ ಕೂಡ ವಾಪಸ್ ಕೊಡಲಿಲ್ಲ.

ಗಂಟುಮೂಟೆ ಕಟ್ಟಿ ನದಿ ದಾಟಿದೆವು. ಲಕ್ಸರ್ ದೇವಾಲಯದ ಎದುರಿನಿಂದ ಊರಿನವರು ಓಡಾಡುವ ಫೆರಿ ಇದೆ, ಚಿಲ್ಲರೆ ಕಾಸಿನ ಟಿಕೆಟ್. ಫೆರಿ ನಿಂತಿದೆ ಅಂತ ದೋಣಿಯವರು ಅಡ್ಡ ಬರುತ್ತಾರೆ. ಕೇಳಿಸಿಕೊಳ್ಳಬೇಡಿ, ಸೀದಾ ಹೋಗಿ ಹತ್ತಿ. ಆಚೆ ದಡದ ಗೆಜೀರಾ ಎಂಬ ಹಳ್ಳಿಯಲ್ಲಿ ಸಣ್ಣ ಸಣ್ಣ ಹೋಟೆಲ್‌ಗಳಿವೆ. ಹಿಂದೆ ಕಬ್ಬಿನ ಗದ್ದೆ, ಕತ್ತೆ ಗಾಡಿ, ಅದರಾಚೆ ಬೋಳು ಬೆಟ್ಟ. ಮಂಡ್ಯದ ಕಡೆಯ ಹಳ್ಳಿಯನ್ನು ತಂದು ಮರಳುಗಾಡಿನ ಪಕ್ಕ ಇಟ್ಟ ಹಾಗಿತ್ತು. ಲಿಫ್ಟ್ ಇಲ್ಲ, ಬಿಸಿನೀರು ಬರಲು ಸ್ವಲ್ಪ ಕಾಯಬೇಕು. ಆದರೆ ತಾರಸಿ ಮೇಲೆ ಕೂತರೆ ನದಿ ಪೂರ್ತಿ ಕಾಣುತ್ತದೆ.

ಇನ್ನೊಂದು ಲಾಭವೂ ಇದೆ. ಇಲ್ಲಿನ ಹಳೆಯ ರಾಜರ ಸಮಾಧಿಗಳೆಲ್ಲ ಈ ದಡದಲ್ಲೇ ಇರುವುದು. ಪೂರ್ವ ದಡದ ಟೂರ್ ಬಸ್ಸುಗಳು ಊರಿನ ದಕ್ಷಿಣಕ್ಕಿರುವ ಸೇತುವೆ ಸುತ್ತಿ ಬರಬೇಕು. ರಾಜರ ಕಣಿವೆ ಬೆಳಗ್ಗೆ 6ಕ್ಕೇ ತೆರೆಯುತ್ತದೆ. ನನಗೆ ಜನಜಂಗುಳಿ ಅಂದರೆ ಆಗುವುದೇ ಇಲ್ಲ, ಹಾಗಾಗಿ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ ಅಂತ ಒತ್ತಿ ಹೇಳುತ್ತೇನೆ. ಸಾಮಾನ್ಯ ಟಿಕೆಟ್‌ನಲ್ಲಿ ಮೂರು ಸಮಾಧಿ ನೋಡಬಹುದು. ಟುಟಾಂಖಮುನ್, ಮೊದಲನೇ ಸೇತಿ, ಆರನೇ ರಾಮ್ಸೆಸ್‌ಗೆ ಬೇರೆ ಬೇರೆ ಟಿಕೆಟ್. 1922ರಲ್ಲಿ ಸಿಕ್ಕ ಟುಟಾಂಖಮುನ್ ಸಮಾಧಿ ತೀರಾ ಚಿಕ್ಕದು. ಮಮ್ಮಿ ಅಲ್ಲೇ ಇದೆ, ಆದರೆ ಚಿನ್ನದ ಮುಖವಾಡ ಇರುವುದು ಕೈರೋ ಕಡೆ. ದುಡ್ಡು ಅಳೆದು ಖರ್ಚು ಮಾಡುವವರು ಅದನ್ನು ಬಿಟ್ಟು ಆರನೇ ರಾಮ್ಸೆಸ್‌ನ ಸಮಾಧಿಗೆ ಹೋಗಿ. ಒಳಕೋಣೆಯ ಚಾವಣಿಯುದ್ದಕ್ಕೂ ಆಕಾಶದೇವತೆ ನೂತ್ ಮೈಚಾಚಿದ್ದಾಳೆ. ಕತ್ತು ನೋಯುವವರೆಗೂ ನೋಡಿದೆವು.

ಕೌಂಟರ್‌ಗಳಲ್ಲಿ ನೋಟು ತೆಗೆದುಕೊಳ್ಳಲ್ಲ, ಕಾರ್ಡೇ ಬೇಕು. ಎರಡು ಕಾರ್ಡ್ ಇಟ್ಟುಕೊಳ್ಳಿ, ವಿದೇಶಿ ಬಳಕೆಗೆ ಮನೆಯಲ್ಲೇ ಆನ್ ಮಾಡಿಸಿಕೊಂಡು ಹೊರಡಿ. ಕೇಳದಿದ್ದರೂ ಟಾರ್ಚ್ ಬಿಟ್ಟು ತೋರಿಸುವ ಕಾವಲುಗಾರರು ಆಮೇಲೆ ಕೈಚಾಚುತ್ತಾರೆ, ಅವರಿಗೆ ಚಿಲ್ಲರೆ ಇರಲಿ.

ನನ್ನನ್ನು ಕೇಳಿದರೆ ರಾಜರಿಗಿಂತ ಮೊದಲು ನೋಡಬೇಕಾದದ್ದು ದೇರ್ ಎಲ್ ಮದೀನಾ. ರಾಜರ ಸಮಾಧಿ ಕೊರೆದ ಕೆಲಸಗಾರರ ಊರು ಇದು. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ಸಿಗಬೇಕಾದ ಕಾಳು ಸಿಗಲಿಲ್ಲ ಅಂತ ಕೆಲಸ ನಿಲ್ಲಿಸಿ ಧರಣಿ ಕೂತವರು ಇವರೇ. ಇಲ್ಲಿನ ಸೆನ್ನೆಜೆಮ್ ಎಂಬ ಕೆಲಸಗಾರನ ಸಮಾಧಿ 1886ರಲ್ಲಿ ಸಿಕ್ಕಿತು. ಗೋಡೆ ತುಂಬ ಹಳದಿ ಬಣ್ಣ, ನಿನ್ನೆ ಬಳಿದ ಹಾಗಿದೆ. ಗಂಡ ನೇಗಿಲು ಹಿಡಿದಿದ್ದಾನೆ, ಹಿಂದೆ ಹೆಂಡತಿ ಬೀಜ ಚೆಲ್ಲುತ್ತಾ ಬರುತ್ತಿದ್ದಾಳೆ. ಇಬ್ಬರೂ ಉಟ್ಟಿರುವುದು ಹಬ್ಬಕ್ಕೆ ಉಡುವಂಥ ಬಿಳಿ ಬಟ್ಟೆ. ಸತ್ತ ಮೇಲೂ ಹೊಲ ಉಳುವ ಆಸೆ! ಹೊಲದ ಕೆಲಸ ಮಾಡಿಯೇ ಬೆಳೆದ ಅಮ್ಮ ಅಲ್ಲಿಂದ ಕದಲಲೇ ಇಲ್ಲ. ಒಳಗೆ ಇಳಿಯುವ ಮೆಟ್ಟಿಲು ಕಡಿದು, ಬಾಗಿಲಲ್ಲಿ ಬಗ್ಗಬೇಕು. ಮಂಡಿ ನೋವಿರುವವರು ನಿಧಾನವಾಗಿ ಇಳಿಯಿರಿ. ಟಿಕೆಟ್ ಅಲ್ಲೇ ಸಿಗಲ್ಲ, ಮೆಮ್ನಾನ್ ಎಂಬ ಎರಡು ದೊಡ್ಡ ಕಲ್ಲಿನ ಮೂರ್ತಿಗಳ ಸಮೀಪದ ಕಚೇರಿಯಲ್ಲಿ ಮೊದಲೇ ಕೊಳ್ಳಬೇಕು. ಮದೀನತ್ ಹಾಬು ದೇವಾಲಯದ ಟಿಕೆಟ್ಟನ್ನೂ ಅಲ್ಲೇ ತೆಗೆದುಕೊಳ್ಳಿ.

ಊಟದ ವಿಷಯಕ್ಕೆ ಸಸ್ಯಾಹಾರಿಗಳು ಗಾಬರಿಯಾಗುವುದು ಬೇಡ. ರೈಲ್ವೆ ನಿಲ್ದಾಣದ ಕಡೆ ನಮಗೊಂದು ಕೊಶರಿ ಅಂಗಡಿ ಸಿಕ್ಕಿತು. ಸ್ಟೀಲ್ ಬಟ್ಟಲಿಗೆ ಮೊದಲು ಅನ್ನ, ಮೇಲೆ ಮಸೂರ ಬೇಳೆ, ಮ್ಯಾಕರೋನಿ, ಕಡಲೆಕಾಳು, ಟೊಮೆಟೊ ಸಾರು, ಕೊನೆಗೆ ಒಂದು ಹಿಡಿ ಗರಿಗರಿ ಈರುಳ್ಳಿ. ಹುಡುಗನ ಕೈ ಎಷ್ಟು ಚುರುಕು ಅಂದರೆ ನೋಡುತ್ತಿದ್ದಂತೆ ಬಟ್ಟಲು ಮುಂದಿರುತ್ತಿತ್ತು. ಟೇಬಲ್ ಮೇಲೆ ಎರಡು ಬಾಟಲಿ. ಒಂದರಲ್ಲಿ ಬೆಳ್ಳುಳ್ಳಿ ಹಾಕಿದ ವಿನೆಗರ್, ಅದನ್ನು ಧಾರಾಳವಾಗಿ ಸುರಿಯಿರಿ. ಇನ್ನೊಂದು ಶತ್ತಾ, ಖಾರ. ನಮ್ಮ ನಾಲಿಗೆಗೂ ಚುರುಕ್ ಅನ್ನುತ್ತದೆ. ದೊಡ್ಡ ಬಟ್ಟಲೊಂದರಲ್ಲಿ ಇಬ್ಬರ ಹೊಟ್ಟೆ ತುಂಬಿತು. ಹೋಟೆಲ್‌ನ ಒಂದು ಕಾಫಿಯ ಬೆಲೆಯೂ ಆಗಲಿಲ್ಲ. ಕೆಲವು ಕಡೆ ಮೇಲೆ ಮಾಂಸ ಹಾಕುತ್ತಾರೆ, 'ಮಿನ್ ಘೈರ್ ಲಹ್ಮಾ' (ಮಾಂಸ ಇಲ್ಲದೆ) ಅಂತ ಹೇಳಿದರೆ ಸಾಕು, ಹಾಕಲ್ಲ. ಇದೊಂದಕ್ಕಾಗಿ ಫೆರಿ ಹತ್ತಿ ಮತ್ತೆ ಮತ್ತೆ ಪೂರ್ವ ದಡಕ್ಕೆ ಹೋದೆವು.

ಪೂರ್ವ ದಡದ ಕಾರ್ನಾಕ್ ದೇವಾಲಯದಲ್ಲಿ ಜಾತ್ರೆಯಷ್ಟು ಜನ, ಬೇಗ ಹೊರಬಂದೆವು. ಕೆಂಪು ಸಮುದ್ರದ ದಡದ ಹರ್ಗಾದಾ ಊರಿನಿಂದ ನಾವು ಲಕ್ಸರ್‌ಗೆ ಬಂದ ಬಸ್ಸಿನಲ್ಲಿ ಎಸಿ ಕೆಟ್ಟಿತ್ತು, ಕಿಟಕಿ ತೆರೆಯುವಂತಿರಲಿಲ್ಲ. ದಾರಿಯಲ್ಲಿ ಡ್ರೈವರ್ ತನಗೆ ಬೇಕಾದ ಅಂಗಡಿ ಮುಂದೆ ನಿಲ್ಲಿಸಿ ಎಷ್ಟು ಹೊತ್ತಾದರೂ ಹೊರಡಲಿಲ್ಲ. ವಯಸ್ಸಾದವರು ಜೊತೆಗಿದ್ದರೆ ಕಾರೇ ಮಾಡಿಕೊಳ್ಳಿ. ಸಮಾಧಿ ಸುತ್ತಲು ಟ್ಯಾಕ್ಸಿ ಹಿಡಿದಾಗಲೂ ಯಾವ ಯಾವ ಜಾಗ, ಎಷ್ಟು ಹೊತ್ತು ಕಾಯಬೇಕು, ಒಟ್ಟು ಎಷ್ಟು ಅನ್ನುವುದನ್ನು ಹತ್ತುವ ಮೊದಲೇ ಚೀಟಿಯಲ್ಲಿ ಬರೆಸಿ. ಅಲಬಾಸ್ಟರ್ ಕಲ್ಲಿನ ಸಾಮಾನು ಮಾರುವ ಅಂಗಡಿಗೆ ಬರಲ್ಲ ಅಂತಲೂ ಆಗಲೇ ಹೇಳಿಬಿಡಿ.